ಶುಗರ್‌ಗೆ ಊರಿನ ಆಸ್ಪತ್ರೆಯೋ, ಮೈಸೂರಿನ ಸ್ಪೆಷಲಿಸ್ಟೋ?

ಶುಗರ್ ಅಂತ ಗೊತ್ತಾದ ತಕ್ಷಣ ನಮ್ಮ ಕೊಡಗಿನಲ್ಲಿ ಎಲ್ಲರೂ ಹೇಳುವುದು ಒಂದೇ, ಮೈಸೂರಿಗೆ ಹೋಗಿ ತೋರಿಸು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಒಂದು ದಿನ ಪೂರ್ತಿ ಹೋಯಿತು, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಅಪಾಯಿಂಟ್‌ಮೆಂಟ್ ಕೂಡ ಹೋಯಿತು.

ಆದರೆ ಇದು ಒಂದು ಸಲ ತೋರಿಸಿ ಮರೆಯುವ ಕಾಯಿಲೆ ಅಲ್ವಲ್ಲ. ಬಿಪಿ, ಶುಗರ್ ನೋಡಿಸುವುದು, ಮಾತ್ರೆ ತರುವುದು ಇದಕ್ಕೆಲ್ಲ ಹತ್ತಿರದ ಸರ್ಕಾರಿ ಆಸ್ಪತ್ರೆಯೇ ಸಾಕು. ಮೆಟ್‌ಫಾರ್ಮಿನ್‌ನಂಥ ಮಾತ್ರೆ ಅಲ್ಲಿ ಉಚಿತ. ಅದಕ್ಕಿಂತ ಹೆಚ್ಚಾಗಿ, ಪರಿಚಯದ ನರ್ಸ್‌ಗೆ ನೀವು ಮೂರು ಹೊತ್ತೂ ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತಿನ್ನುವವರು, ದಿನವಿಡೀ ಗಂಬೂಟ್ ಹಾಕಿ ತೋಟದಲ್ಲಿ ಇರುವವರು ಅಂತ ಬಿಡಿಸಿ ಹೇಳಬೇಕಿಲ್ಲ. ಒದ್ದೆ ಬೂಟಿನೊಳಗೆ ಬೆರಳ ಸಂದಿಯಲ್ಲಿ ಆದ ಗಾಯ, ಪಾದ ಜೋಮು ಹಿಡಿದವರಿಗೆ ಗೊತ್ತೇ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಅವರು ಕೇಳದಿದ್ದರೆ ನೀವೇ ಕಾಲು ತೋರಿಸಿ.

ತೊಂದರೆ ಏನಂದ್ರೆ ಡಾಕ್ಟರ್ ವರ್ಗವಾಗುತ್ತಾರೆ, ಕಥೆ ಮತ್ತೆ ಮೊದಲಿಂದ. ಶುಗರ್, ಮಾತ್ರೆ ಎಲ್ಲ ಬರೆದಿಡಲು ಒಂದು ನೋಟ್‌ಬುಕ್ ಇಡಿ.

ಸ್ಪೆಷಲಿಸ್ಟ್ ಬೇಕಾಗುವುದು ಟೈಪ್ 1 (ದೇಹವೇ ಇನ್ಸುಲಿನ್ ತಯಾರಿಸದ ಶುಗರ್) ಇದ್ದರೆ, ಗರ್ಭಿಣಿಯಾಗಿದ್ದರೆ, ಇನ್ಸುಲಿನ್ ಹಾಕಿ ಶುಗರ್ ಪದೇ ಪದೇ ತೀರಾ ಇಳಿಯುತ್ತಿದ್ದರೆ, ಕಿಡ್ನಿ ಕೈಕೊಡುತ್ತಿದ್ದರೆ. ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರದ ಪರೀಕ್ಷೆ ಎಲ್ಲರಿಗೂ ಬೇಕು. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ, ಹಿಡಿತದಲ್ಲಿದ್ದರೆ ವರ್ಷಕ್ಕೆ ಎರಡು ಸಲ.

ಡಾಕ್ಟರನ್ನು ಫೋನಿನಲ್ಲೇ ಕೇಳಲು ಸರ್ಕಾರದ ಇ-ಸಂಜೀವಿನಿ ಇದೆ, ದುಡ್ಡಿಲ್ಲ. ರಿಪೋರ್ಟ್ ತೋರಿಸಲು ಪರವಾಗಿಲ್ಲ, ಗಾಯಕ್ಕೆ ಬೇಡ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಕ್ಕರೆ, ಅಷ್ಟೇ.