ಕಳಲೆ ಕಾಗದ ಅರ್ಧಕ್ಕೇ ನಿಂತಿತು: ಮೂರು ವರ್ಷ ಬಳಸಿದ ನ್ಯೂಸ್‌ಲೆಟರ್ ಸೇವೆಯ ಬಗ್ಗೆ

ಕಳೆದ ವರ್ಷ ಆರಿದ್ರಾ ಮಳೆ ಜೋರಾಗಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ಬೆಂಗಳೂರಿನಿಂದ ದೊಡ್ಡಮ್ಮ ಫೋನ್ ಮಾಡಿದರು. "ಅಲ್ಲ ಮಾರಾಯ್ತಿ, ಕಳಲೆ ಹೆಚ್ಚಿ ನೀರಿಗೆ ಹಾಕಿ ಅಂತ ಬರೆದು ಅಲ್ಲಿಗೇ ನಿಲ್ಲಿಸಿದೀಯಲ್ಲ? ಮೂರು ದಿನ ನೀರು ಬದಲಾಯಿಸಬೇಕು ಅಂತ ಹೇಳ್ಲೇ ಇಲ್ಲ. ಗೊತ್ತಿಲ್ಲದವರು ಅವತ್ತೇ ಪಲ್ಯ ಮಾಡಿ ತಿಂದ್ರೆ?"

ವಾರಕ್ಕೊಮ್ಮೆ ನಾನು ಇಮೇಲ್‌ನಲ್ಲಿ ಓದುಗರಿಗೆ ಕಳಿಸುವ ಕಾಗದದ ಮಾತು ಅದು. ನಾನು ನಿಲ್ಲಿಸಿರಲಿಲ್ಲ. ಆ ಸಾಲಿನ ಮುಂದೆ ಇನ್ನೂ ಅರ್ಧ ಪುಟ ಇತ್ತು. ದಿನಾ ನೀರು ಚೆಲ್ಲಿ ಹೊಸ ನೀರು ಹಾಕಬೇಕು, ಮೂರನೇ ದಿನ ಕಳೆದ ಮೇಲೇ ಬೇಯಿಸಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಕಳಲೆ ಅಂದರೆ ಬಿದಿರಿನ ಎಳೆ ಮೊಳಕೆ, ಹಸಿಯಾಗಿದ್ದಾಗ ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದರೆ ಮಾತ್ರ ಅದು ಹೋಗುತ್ತದೆ. ದೊಡ್ಡಮ್ಮನಿಗೆ ಇದು ಗೊತ್ತು, ತೀರ್ಥಹಳ್ಳಿ ಕಡೆಯಲ್ಲೇ ಹುಟ್ಟಿ ಬೆಳೆದವರು. ಆದರೆ ಆ ಕಾಗದ ಹೋಗಿದ್ದು ಒಂಬೈನೂರು ಜನರಿಗೆ. ಅದರಲ್ಲಿ ಕಳಲೆಯನ್ನು ಸಂತೆಯಲ್ಲಿ ಮೊದಲ ಸಲ ನೋಡುವವರೂ ಇದ್ದರು. ನನಗೆ ಕೈಕಾಲು ತಣ್ಣಗಾಯಿತು. ಹತ್ತೇ ನಿಮಿಷದಲ್ಲಿ ಎಲ್ಲರಿಗೂ ಎರಡು ಸಾಲಿನ ಇನ್ನೊಂದು ಕಾಗದ ಕಳಿಸಿದೆ.

ಈ ವಿಮರ್ಶೆ ಬರೆಯಲು ಕೂತಿದ್ದು ಆ ಒಂದು ದಿನದ ಕಾರಣಕ್ಕೇ. ಸೇವೆಯ ಹೆಸರು ಬರೆಯುತ್ತಿಲ್ಲ. ಕನ್ನಡದಲ್ಲಿ ಉದ್ದದ ಕಾಗದ ಕಳಿಸುವ ಯಾರಿಗಾದರೂ, ಯಾವ ಸೇವೆಯಲ್ಲಾದರೂ ಇದು ಆಗಬಹುದು. ಅದರಲ್ಲಿ ಎಷ್ಟು ಟೆಂಪ್ಲೇಟ್ ಇದೆ, ಏನೇನು ಸೌಲಭ್ಯ ಇದೆ ಅನ್ನೋದನ್ನೆಲ್ಲ ಅವರ ಪುಟದಲ್ಲೇ ನೋಡಬಹುದು, ಬಿಡಿ.

ನನ್ನದು ಒಂದು ಬ್ಲಾಗ್. ನಮ್ಮ ಅಡಿಕೆ ತೋಟ, ಮಳೆ, ಅಡುಗೆಮನೆ, ಇಷ್ಟೇ ವಿಷಯ. ಆರೇಳು ವರ್ಷದಿಂದ ಬರೆಯುತ್ತಿದ್ದೇನೆ. ಹೊಸ ಬರಹ ಹಾಕಿದ ದಿನ ಓದುಗರು ಬರುತ್ತಿದ್ದರು, ಮಾರನೇ ದಿನ ಯಾರೂ ಇಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಕೊಂಡಿ ಮಧ್ಯಾಹ್ನದೊಳಗೆ ಶುಭೋದಯಗಳ ಕೆಳಗೆ ಹೂತು ಹೋಗುತ್ತಿತ್ತು. ಅದಕ್ಕೇ ಮೂರು ವರ್ಷದ ಹಿಂದೆ ಈ ಸೇವೆ ಸೇರಿ, ವಾರಕ್ಕೊಂದು ಕಾಗದ ಶುರು ಮಾಡಿದೆ. ಮೊದಲ ಕಾಗದ ಹೋಗಿದ್ದು ನಲವತ್ತು ಜನರಿಗೆ, ಬಹುಪಾಲು ನೆಂಟರು.

ಶನಿವಾರ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಬರೆಯುತ್ತೇನೆ. ಮಳೆಗಾಲದಲ್ಲಿ ಹಂಚಿನ ಮೇಲಿನ ಸದ್ದಿಗೆ ಒಳಗಿನವರ ಮಾತೇ ಕೇಳುವುದಿಲ್ಲ, ಬರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಕಾಗದ ಪೂರ್ತಿ ಮುಗಿಸಿ ಒಂದೇ ಒಂದು ಜಾಗ ಖಾಲಿ ಬಿಡುತ್ತೇನೆ, ಮಳೆಯ ಲೆಕ್ಕಕ್ಕೆ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಅಂಗಳದಾಚೆಯ ಮಳೆಮಾಪಕದ ಹತ್ತಿರ ಹೋಗುತ್ತೇನೆ. ಹವಾಮಾನ ಇಲಾಖೆಯವರೂ ಅಳೆಯುವುದು ಅದೇ ಹೊತ್ತಿಗೆ. ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಮೊದಲು ಮಾವನವರ ಹಳೇ ಡೈರಿಯಲ್ಲಿ ಬರೆಯುವುದು. ಆಮೇಲೆ ಕಾಗದದ ಖಾಲಿ ಜಾಗದಲ್ಲಿ. ಒಂಬತ್ತಕ್ಕೆ ಕಳಿಸು ಅಂತ ಒತ್ತಿದರೆ ಆಯಿತು. ಈ ಅರ್ಧ ಗಂಟೆ ನನಗೆ ಇಡೀ ವಾರದಲ್ಲೇ ಇಷ್ಟ. ಸೇವೆಯೂ ಇಲ್ಲಿ ಒಂದು ದಿನ ಕೈ ಕೊಟ್ಟಿಲ್ಲ. ಕರೆಂಟ್ ಇಲ್ಲದಾಗ, ಗುಡ್ಡದ ಮೇಲಿನ ಗೇಟಿನ ಹತ್ತಿರ ನಿಂತು ಎರಡು ಗೀಟು ಸಿಗ್ನಲ್‌ನಲ್ಲಿ ಫೋನಿನಿಂದ ಕಳಿಸಿದರೂ ಹೋಗುತ್ತದೆ.

ಆದರೆ ಕಾಗದ ಅರ್ಧಕ್ಕೇ ನಿಂತಿದ್ದು ಯಾಕೆ? ತಂಗಿಯ ಮಗ ರಜೆಗೆ ಬಂದವನು ಕೂತು ಹುಡುಕಿದ. ಜಿಮೇಲ್‌ಗೆ ಒಂದು ಮಿತಿ ಇದೆ. ಪತ್ರದ ಕೋಡ್ 102 ಕೆಬಿ ದಾಟಿದರೆ ಉಳಿದದ್ದನ್ನು ತೋರಿಸುವುದಿಲ್ಲ. ಪೂರ್ತಿ ನೋಡಲು ಅಂತ ಕೆಳಗೆ ಸಣ್ಣಗೆ ಒಂದು ಕೊಂಡಿ ಇರುತ್ತದೆ, ಅದನ್ನು ಒತ್ತಬೇಕು. ನಮ್ಮ ಕಡೆಯ ಹಿರಿಯರು ಅಂಥದ್ದನ್ನೆಲ್ಲ ಒತ್ತುವುದಿಲ್ಲ, ಒತ್ತಬಾರದು ಅಂತ ನಾವೇ ಅವರಿಗೆ ಹೇಳಿಕೊಟ್ಟಿದ್ದೇವೆ ಅಲ್ವಾ?

ಮೊದಲು ನಾನು ಫೋಟೋಗಳ ಮೇಲೆ ಅನುಮಾನ ಪಟ್ಟು ಎಲ್ಲ ತೆಗೆದು ಹಾಕಿದ್ದೆ. ಅದರಿಂದ ಏನೂ ಆಗಲಿಲ್ಲ. ನನ್ನ ಕಾಗದದಲ್ಲಿ ಫೋಟೋ ಬೇರೆ ಕಡೆಯಿಂದ ಬಂದು ಕೂರುತ್ತದೆ, ಅದರ ತೂಕ ಈ ಲೆಕ್ಕಕ್ಕೆ ಸೇರುವುದಿಲ್ಲ. ತೂಕ ಇದ್ದದ್ದು ಕನ್ನಡದಲ್ಲೇ. ಕಂಪ್ಯೂಟರಿನಲ್ಲಿ ಬರಹದ ತೂಕ ಅಳೆಯುವುದು ಬೈಟ್‌ನಲ್ಲಿ, ಸುಮಾರು ಸಾವಿರ ಬೈಟ್ ಸೇರಿದರೆ ಒಂದು ಕೆಬಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡಲು ಈಗ ಎಲ್ಲರೂ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಕೊಂಬು, ಗುಡಿಸು, ಒತ್ತು ಮಾಡುವ ಅರ್ಧಾಕ್ಷರದ ಗುರುತು, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ರೊಟ್ಟಿ' ಅಂತ ಬರೆದರೆ ಆರು ಚಿಹ್ನೆ, 18 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಬರೀ 5. ಇದರ ಮೇಲೆ ಟೆಂಪ್ಲೇಟ್ ಪ್ರತಿ ಪ್ಯಾರಾಕ್ಕೂ ಫಾಂಟು, ಬಣ್ಣ, ಅಂಚು ಅಂತ ಕೋಡ್ ಸೇರಿಸುತ್ತದೆ. ನಾನು ಹಾಕಿದ ಪುಟ್ಟ ಕೊಂಡಿ ಕ್ಲಿಕ್ ಎಣಿಸುವ ಉದ್ದುದ್ದ ಕೊಂಡಿಯಾಗುತ್ತದೆ. ಉದ್ದದ ಕಾಗದ 102 ದಾಟಲು ಇನ್ನೇನು ಬೇಕು?

ಜಿಮೇಲ್‌ನ ಮಿತಿ ಮುಂಚಿನಿಂದಲೂ ಇದ್ದದ್ದು, ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ನಾನು ದುಡ್ಡು ಕೊಡುವ ಸೇವೆಯ ಮೇಲೆ. ಅವರ ಪುಟದಲ್ಲಿ ಕಾಗದದ ಅಳತೆ ತೋರಿಸುವ ಗೀಟು ಇದೆ. ಅದು ಅಕ್ಷರಗಳನ್ನು ಎಣಿಸುತ್ತದೆ, ಬೈಟ್‌ಗಳನ್ನಲ್ಲ. ಕಳಲೆ ಕಾಗದಕ್ಕೂ ಹಸಿರು ಗುರುತೇ ತೋರಿಸಿತ್ತು. ಬರೆದು ಕೇಳಿದೆ. 'ಕಾಗದ ಚಿಕ್ಕದು ಮಾಡಿ' ಅಂತ ಉತ್ತರ ಬಂತು. ಎಷ್ಟು ಚಿಕ್ಕದು ಅಂತ ಗೊತ್ತಾಗಲು ಅವರ ಗೀಟು ಸರಿಯಿರಬೇಕು ಅಂತ ಮತ್ತೆ ಬರೆದೆ. ಅದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಇದಕ್ಕಿಂತ ಜಾಸ್ತಿ ನೋವಾಗಿದ್ದು ಇನ್ನೊಂದು ವಿಷಯಕ್ಕೆ. ಎಷ್ಟು ಜನ ಕಾಗದ ತೆರೆದರು ಅಂತ ಎಣಿಸುವುದು ಪತ್ರದಲ್ಲಿ ಅಡಗಿಸಿಟ್ಟ ಒಂದು ಚುಕ್ಕೆಯಂಥ ಚಿತ್ರದಿಂದ. ನಮ್ಮ ಸೇವೆಯಲ್ಲಿ ಅದು ಪತ್ರದ ಕೊನೆಯಲ್ಲಿರುತ್ತದೆ. ಪತ್ರ ಕತ್ತರಿಸಿದಾಗ ಚಿತ್ರವೂ ಹೋಯಿತು, ಓದಿದವರು ಲೆಕ್ಕಕ್ಕೇ ಬರಲಿಲ್ಲ. ಉದ್ದದ ಕಾಗದ ಬರೆದಾಗಲೆಲ್ಲ ಓದುಗರ ಸಂಖ್ಯೆ ಇಳಿದಂತೆ ಕಾಣುತ್ತಿತ್ತು. ಜನರಿಗೆ ಅಡುಗೆ ವಿಷಯ ಬೇಡವೇನೋ ಅಂದುಕೊಂಡು ಒಂದಿಡೀ ಚಳಿಗಾಲ ಅಡುಗೆ ಬರೆಯುವುದನ್ನೇ ಬಿಟ್ಟಿದ್ದೆ. ಅಪ್ಪೆಮಿಡಿ ಬಗ್ಗೆ ಬರೆದಿಟ್ಟಿದ್ದು ಹಾಗೇ ಉಳಿಯಿತು. ಈ ಎಣಿಕೆಯನ್ನು ನಂಬಿ ಬರೆಯುವ ವಿಷಯ ಬದಲಾಯಿಸಬೇಡಿ, ದಯವಿಟ್ಟು. 2021ರ ಸೆಪ್ಟೆಂಬರ್‌ನಿಂದ ಆ್ಯಪಲ್‌ನ ಮೇಲ್‌ನಲ್ಲಿ ಗೋಪ್ಯತೆಯ ಆಯ್ಕೆ ಹಾಕಿಕೊಂಡವರಿಗೆ ಪತ್ರ ತೆರೆಯುವ ಮೊದಲೇ ಚಿತ್ರಗಳು ಇಳಿಯುತ್ತವೆ, ಹಾಗಾಗಿ ಓದದವರೂ ಓದಿದ ಹಾಗೆ ಕಾಣುತ್ತಾರೆ. ಎರಡೂ ಕಡೆಯಿಂದ ತಪ್ಪು. ಈಗ ನಾನು ನೋಡುವುದು ಎಷ್ಟು ಜನ ಉತ್ತರ ಬರೆದರು, ಎಷ್ಟು ಜನ ಕೊಂಡಿ ಹಿಡಿದು ಬ್ಲಾಗಿಗೆ ಬಂದರು ಅನ್ನೋದನ್ನು ಮಾತ್ರ.

ಆ ಮಳೆಗಾಲದಲ್ಲಿ ಕಾಗದ ಚಿಕ್ಕದು ಮಾಡಲೇಬೇಕಾಯಿತು. ಮಾಡಿದ ಮೇಲೆ ನಾನು ಅಂದುಕೊಂಡಿರದ ಒಳ್ಳೆಯದಾಯಿತು. ಅಲ್ಲಿಯವರೆಗೆ ಬ್ಲಾಗಿನಲ್ಲಿದ್ದದ್ದೇ ಕಾಗದದಲ್ಲೂ ಪೂರ್ತಿ ಹೋಗುತ್ತಿತ್ತು. ಕಾಗದ ಬಂದವರು ಬ್ಲಾಗಿಗೆ ಯಾಕೆ ಬರಬೇಕು? ಬ್ಲಾಗ್ ಓದುವವರಿಗೆ ಕಾಗದ ಯಾಕೆ? ಈಗ ಉದ್ದದ್ದು, ಉಳಿಯಬೇಕಾದದ್ದು ಎಲ್ಲ ಬ್ಲಾಗಿನಲ್ಲಿ. ಕಾಗದದಲ್ಲಿ ಆ ವಾರದ ಮಳೆ, ತೋಟದಲ್ಲಿ ಕಂಡದ್ದು, ಬ್ಲಾಗಿನಲ್ಲಿ ಎಲ್ಲೂ ಇಲ್ಲದ ಒಂದು ಸಣ್ಣ ಮಾತು, ಮತ್ತು ಒಂದೇ ಒಂದು ಕೊಂಡಿ. ಮೂರ್ನಾಲ್ಕು ಕೊಂಡಿ ಹಾಕಿ ನೋಡಿದ್ದೆ, ಯಾರೂ ಯಾವುದನ್ನೂ ಒತ್ತಲಿಲ್ಲ.

ಆ ಒಂದು ಕೊಂಡಿ ಹೆಚ್ಚಾಗಿ ಹಳೇ ಬರಹದ್ದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಬಗ್ಗೆ ಯಾವಾಗಲೋ ಬರೆದಿದ್ದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಮಾಡಬಾರದು. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿದಾಗ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ. ಆ ಬರಹ ಹಾಕಿದ ವಾರ ಓದಿದವರು ಕಡಿಮೆ. ಈಗ ಪ್ರತಿ ವರ್ಷ ಮೇ ಕೊನೆಗೆ, ಕೊಳೆರೋಗದ ಮೊದಲ ಔಷಧಿ ಹೊಡೆಯುವ ಮುಂಚಿನ ಕಾಗದದಲ್ಲಿ ಅದರ ಕೊಂಡಿ ಹಾಕುತ್ತೇನೆ. ಬೆಂಗಳೂರಿನಲ್ಲಿ ಕೂತ ಮಗ ಅದನ್ನು ಊರಿನ ಅಪ್ಪನಿಗೆ ವಾಟ್ಸ್ಆ್ಯಪ್ ಮಾಡುತ್ತಾನೆ. ಅಪ್ಪ ಪಕ್ಕದ ತೋಟದವರಿಗೆ ಕಳಿಸುತ್ತಾರೆ. ನಲವತ್ತೈದು ದಿನ ಕಳೆದು ಎರಡನೇ ಸಲ ಹೊಡೆಯುವಾಗ ಮತ್ತೆ ಅದೇ ಬರಹ ಓದುತ್ತಾರೆ. ಸತ್ತೇ ಹೋಯಿತು ಅಂದುಕೊಂಡ ಬರಹಗಳು ಮಳೆಯ ಜೊತೆ ಹೀಗೆ ಚಿಗುರುವುದನ್ನು ನೋಡುವುದು ನನಗೆ ದೊಡ್ಡ ಖುಷಿ.

ನನಗೆ ನಿಧಾನವಾಗಿ ತಿಳಿದದ್ದು ಇದು. ಊರಲ್ಲಿರುವವರು ಇಮೇಲ್ ನೋಡುವುದು ಕಡಿಮೆ. ಕಾಗದ ಓದುವವರು ಊರು ಬಿಟ್ಟವರು, ಆಫೀಸಿನಲ್ಲಿ ದಿನಾ ಮೇಲ್ ತೆರೆಯುವವರು. ಅವರಿಗೆ ಬೇಕಿರುವುದು ಊರಿನ ಮಳೆ. ಊರಿನವರಿಗೆ ಬೇಕಿರುವುದು ಬ್ಲಾಗಿನ ಔಷಧಿ ಲೆಕ್ಕ. ಇಬ್ಬರ ನಡುವೆ ಆ ಒಂದು ಕೊಂಡಿ ಓಡಾಡುತ್ತದೆ.

ಬ್ಲಾಗಿನಿಂದ ಕಾಗದಕ್ಕೆ ಜನರನ್ನು ಕರೆಯುವ ಪೆಟ್ಟಿಗೆಯನ್ನೂ ಬದಲಾಯಿಸಿದೆ. ಮೊದಲು ಪುಟ ತೆರೆದ ಕೂಡಲೇ ಫೋನಿನ ಪರದೆ ಪೂರ್ತಿ ಮುಚ್ಚುವ ಪೆಟ್ಟಿಗೆ ಇತ್ತು, ಸೇವೆಯವರು ಕೊಟ್ಟದ್ದೇ. ಮನೆಯ ಬಾಗಿಲಲ್ಲೇ ಅಡ್ಡ ನಿಂತು ಹೆಸರು ಕೇಳಿದ ಹಾಗೆ ಅದು. ತೆಗೆದು ಹಾಕಿ, ಬರಹ ಮುಗಿದ ಮೇಲೆ ಎರಡು ಸಾಲು ಬರೆದೆ: 'ನಮ್ಮ ತೋಟದಲ್ಲಿ ಈ ವಾರ ಎಷ್ಟು ಮಳೆ ಬಂತು ಅಂತ ಪ್ರತಿ ಭಾನುವಾರ ಬರೆಯುತ್ತೇನೆ. ನಿಮಗೂ ಕಳಿಸಲಾ?' ಗುಂಡಿಯ ಮೇಲೆ 'ಕಾಗದ ಬೇಕು'. ಬಿಡುವವರಿಗೆ ಕಾಗದದ ಕೆಳಗೆ 'ಕಾಗದ ಸಾಕು'. ಸೇರಿದವರಿಗೆ ಖಾತ್ರಿಗಾಗಿ ಹೋಗುವ ಮೊದಲ ಮೇಲ್ ಇಂಗ್ಲಿಷಿನಲ್ಲಿತ್ತು, ಎಷ್ಟೋ ಜನ ಅದನ್ನು ಒತ್ತದೆ ಬಿಟ್ಟಿದ್ದರು. ಅದನ್ನೂ ಕನ್ನಡಕ್ಕೆ ಬದಲಾಯಿಸಿದೆ. ಈಗ ಓದುಗರು ಸಾವಿರದ ಮುನ್ನೂರು ದಾಟಿದ್ದಾರೆ.

ಈ ವರ್ಷದ ಕಳಲೆ ಕಾಗದದ ಮೊದಲ ಸಾಲೇ 'ಮೂರು ದಿನ, ದಿನಾ ಹೊಸ ನೀರು' ಅಂತ ಇತ್ತು. ಉಳಿದದ್ದೆಲ್ಲ ಬ್ಲಾಗಿನಲ್ಲಿ. ದೊಡ್ಡಮ್ಮ ಆ ಕೊಂಡಿ ಒತ್ತಿದರು. ಜೀವನದಲ್ಲಿ ಮೊದಲ ಸಲ ಇಮೇಲ್‌ಗೆ ಉತ್ತರವನ್ನೂ ಬರೆದರು, ಸಾಂಬಾರಿಗೆ ಹಲಸಿನ ಬೀಜ ಹಾಕಲು ಮರೆತಿದ್ದೀಯ ಅಂತ.

ದುಡ್ಡಿನ ಮಾತು. ಐನೂರು ಜನರವರೆಗೆ ಉಚಿತ ಇತ್ತು. ಈಗ ತಿಂಗಳಿಗೆ ಸುಮಾರು 1,700 ರೂಪಾಯಿ, ಅದೂ ಡಾಲರ್ ಲೆಕ್ಕದಲ್ಲಿ. ಬ್ಲಾಗಿನಿಂದ ನನಗೆ ಆದಾಯ ಇಲ್ಲ, ಇದು ಮನೆ ಖರ್ಚಿನಿಂದಲೇ ಹೋಗುವುದು. ಓದುಗರ ತಲೆಗಿಷ್ಟು ಅಂತ ಲೆಕ್ಕ ಆದ್ದರಿಂದ, ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಪಟ್ಟಿ ಶುಚಿ ಮಾಡುತ್ತೇನೆ. ಒಂದು ವರ್ಷದಿಂದ ಯಾವ ಕೊಂಡಿಯನ್ನೂ ಒತ್ತದವರಿಗೆ 'ಇನ್ನೂ ಬೇಕಾ?' ಅಂತ ಕೇಳಿ, ಉತ್ತರ ಇಲ್ಲದವರನ್ನು ತೆಗೆಯುತ್ತೇನೆ. ಇನ್ನೊಂದು ಮಾತು: ಸ್ವಂತ ಡೊಮೇನ್, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮದೇ ಹೆಸರಿನ ವಿಳಾಸ, ತೆಗೆದುಕೊಂಡು ಅದಕ್ಕೆ ಎಸ್‌ಪಿಎಫ್, ಡಿಕಿಮ್ ಅನ್ನುವ ಗುರುತುಗಳನ್ನು ಹಾಕಿಸಿಕೊಳ್ಳಿ. ಕಾಗದ ನಿಜವಾಗಿ ನಿಮ್ಮಿಂದಲೇ ಬಂದದ್ದು ಅನ್ನಲು ಅವು ಅಂಚೆ ಮುದ್ರೆಯ ಹಾಗೆ. 2024ರ ಫೆಬ್ರುವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ. ಹಾಕಿಸಿದ ಮೇಲೆ 'ಸ್ಪ್ಯಾಮ್‌ಗೆ ಹೋಗಿತ್ತು' ಅನ್ನುವ ಫೋನುಗಳು ನನಗೆ ನಿಂತವು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳಿಸುವ ಕೆಲಸದಲ್ಲಿ ತಪ್ಪಿಲ್ಲ, ಆ ಗೀಟು ಮಾತ್ರ ಇನ್ನೂ ಸರಿಯಾಗಿಲ್ಲ. ಒಂದು ವರ್ಷಕ್ಕೆ ಮತ್ತೆ ದುಡ್ಡು ಕಟ್ಟಿದ್ದೇನೆ. ಸದ್ಯಕ್ಕೆ ಪ್ರತಿ ಶನಿವಾರ ರಾತ್ರಿ ಕಾಗದವನ್ನು ಮೊದಲು ನನಗೇ ಕಳಿಸಿಕೊಂಡು, ಜಿಮೇಲ್‌ನಲ್ಲಿ ತೆರೆದು, 'ಕಾಗದ ಸಾಕು' ಅನ್ನುವ ಸಾಲು ಕೆಳಗೆ ಕಾಣುತ್ತದಾ ಅಂತ ನೋಡುತ್ತೇನೆ. ಕಂಡರೆ ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತೇನೆ.