ಗೇಮ್ ಕನ್ಸೋಲ್ ವಾರಂಟಿ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿಬಿಡಿ

ಮೈಸೂರು, ಮಂಡ್ಯ ಕಡೆಯವರು ಯಾರಾದರೂ ಕನ್ಸೋಲನ್ನು ವಾರಂಟಿಗೆ ಕೊಡೋದಿದ್ದರೆ ಒಂದು ನಿಮಿಷ ತಡೆಯಿರಿ. ರಿಪೇರಿಗೆ ತಗೊಂಡಿದ್ದಕ್ಕೆ ಅವರು ಬರೆದುಕೊಡೋ ಜಾಬ್ ಶೀಟಿನಲ್ಲಿ ಸೀರಿಯಲ್ ನಂಬರ್ ಬರೆಸಿ, ‘ಫಿಸಿಕಲ್ ಡ್ಯಾಮೇಜ್ ಇಲ್ಲ’ ಅಂತಲೂ ಬರೆಸಿ. ಬರೆಯಲ್ಲ ಅಂದರೆ ಕೊಡಲೇಬೇಡಿ, ವಾಪಸ್ ಎತ್ತಿಕೊಂಡು ಬನ್ನಿ.

ನಮ್ಮದು ಮಂಡ್ಯ. ಕನ್ಸೋಲ್ ತಗೊಂಡಿದ್ದು ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ. ಜಿಎಸ್‌ಟಿ ಬಿಲ್ ಇದೆ, ಒಂದು ವರ್ಷದ ವಾರಂಟಿ ಇದೆ, ತಗೊಂಡು ಅರ್ಧ ವರ್ಷವೂ ಆಗಿರಲಿಲ್ಲ. ಸ್ವಲ್ಪ ಹೊತ್ತು ಆಡಿದರೆ ಸಾಕು, ಫ್ಯಾನ್ ಗುಯ್ ಅನ್ನೋದಕ್ಕೆ ಶುರು. ಬಿಸಿ ಜಾಸ್ತಿಯಾಗಿದೆ ಅಂತ ಟಿವಿ ಮೇಲೆ ಮೆಸೇಜು. ಆಮೇಲೆ ಪಟ್ ಅಂತ ಆಫ್. ಅಷ್ಟನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟಿದ್ದೆ.

ಮೈಸೂರಿನ ಸರ್ವಿಸ್ ಸೆಂಟರಿನಲ್ಲಿ ಕೌಂಟರ್ ಹುಡುಗ ಡಬ್ಬ ತೆಗೆದು ಹಿಂದೆ ಮುಂದೆ ನೋಡಿದ. "ನೀಟಾಗಿ ಇಟ್ಟಿದ್ದೀರಾ ಸರ್" ಅಂದ. ಬಾಯಲ್ಲಿ ಅಂದ, ಜಾಬ್ ಶೀಟಿನಲ್ಲಿ ಬರೆದದ್ದು ‘ಹೀಟಿಂಗ್’ ಅಂತ ಒಂದೇ ಪದ. ಬೆಂಗಳೂರಿಗೆ ಹೋಗುತ್ತೆ, ಬರುತ್ತೆ, ಯೋಚನೆ ಮಾಡಬೇಡಿ ಅಂತ ಕಳಿಸಿದ.

ಆಮೇಲೆ ಸುದ್ದಿಯೇ ಇಲ್ಲ. ಕಸ್ಟಮರ್ ಕೇರ್‌ಗೆ ಮಾಡಿದರೆ ಕನ್ನಡಕ್ಕೆ ಇಷ್ಟು ಒತ್ತಿ ಅನ್ನುತ್ತೆ, ಒತ್ತಿದರೆ ಹಿಂದಿಯವರು ಬರುತ್ತಾರೆ. ಎಷ್ಟು ಸಲ ಕೇಳಿದರೂ ಒಂದೇ ಮಾತು, ಎಸ್ಕಲೇಟ್ ಮಾಡಿದ್ದೀವಿ ಸರ್. ಯಾರಿಗೆ ಎಸ್ಕಲೇಟ್ ಮಾಡಿದರೋ ದೇವರಿಗೇ ಗೊತ್ತು.

ಕೊನೆಗೆ ಒಂದು ಮೇಲ್ ಬಂತು. ಎಚ್‌ಡಿಎಂಐ ಪೋರ್ಟಿನ (ಟಿವಿ ಕೇಬಲ್ ಸಿಕ್ಕಿಸೋ ಜಾಗ) ಪಿನ್ ಬಾಗಿದೆ, ಇದು ಗ್ರಾಹಕರಿಂದ ಆದ ಡ್ಯಾಮೇಜ್, ವಾರಂಟಿ ಅನ್ವಯಿಸಲ್ಲ, ರಿಪೇರಿ ಬೇಕಾದರೆ ದುಡ್ಡು ಕಟ್ಟಿ. ಜೊತೆಗೆ ಫೋಟೋ. ಪಿನ್ ನಿಜವಾಗಿಯೂ ಬಾಗಿತ್ತು. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡೋದಕ್ಕೆ ಶುರು ಮಾಡಿದರು. ಅಪ್ಪ ಅಂತೂ "ಕೇಬಲ್ ಎಳೆದಾಡಬೇಡ ಅಂತ ಬಡ್ಕೊಂಡೆ" ಅಂದರು. ನನಗೆ ತಲೆ ಎತ್ತೋಕೆ ಆಗಲಿಲ್ಲ. ದುಡ್ಡು ಕಟ್ಟೋದಕ್ಕೂ ರೆಡಿಯಾಗಿದ್ದೆ, ನೋಡಿ!

ರಾತ್ರಿ ಮತ್ತೆ ಅದೇ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಸ್ಟಿಕರ್ ಅರ್ಧ ಕಾಣುತ್ತಿತ್ತು. ಸೀರಿಯಲ್ ನಂಬರಿನ ಕೊನೆಯ ಅಂಕಿಗಳು. ಬಿಲ್ ತೆಗೆದು ಪಕ್ಕದಲ್ಲಿಟ್ಟೆ. ನನ್ನ ನಂಬರೇ ಅಲ್ಲ. ಅದು ಬೇರೆ ಯಾರದೋ ಮೆಷಿನ್! ಯಾರದೋ ಮುರಿದ ಕನ್ಸೋಲ್ ತೋರಿಸಿ ನನ್ನ ತಲೆ ಮೇಲೆ ಗೂಬೆ ಕೂರಿಸಿದ್ದಾರೆ.

ಬೆಳಿಗ್ಗೆ ಫೋನ್ ಮಾಡಿದೆ. ಪುಣ್ಯಕ್ಕೆ ಕನ್ನಡದವರೇ ಸಿಕ್ಕಿದರು. ಉತ್ತರ ಕೇಳಿ.

"ಅದು ರೆಫರೆನ್ಸ್ ಫೋಟೋ ಸರ್."

ಅಂದರೆ ನನ್ನ ಮೆಷಿನ್ ಫೋಟೋ ಅಲ್ವಾ ಅಂದೆ.

"ಸೇಮ್ ಮಾಡೆಲ್ ಸರ್."

ಸೇಮ್ ಮಾಡೆಲ್ ಅಂತೆ! ಪಿನ್ ಬಾಗಿದ್ದರೆ ಬಿಸಿಯಾಗಿದೆ ಅನ್ನೋ ಮೆಸೇಜು ಟಿವಿ ಮೇಲೆ ಹೇಗೆ ಬಂತು ಅಂತ ಕೇಳಿದೆ. ಆ ಚಿತ್ರ ಟಿವಿಗೆ ಹೋಗೋದೇ ಆ ಪೋರ್ಟಿನಿಂದ ಅಲ್ವಾ? ವಿಡಿಯೋ ಇದೆ ಅಂದೆ. ಸ್ವಲ್ಪ ಹೊತ್ತು ಆ ಕಡೆ ಮ್ಯೂಸಿಕ್. ಮತ್ತೆ ಬಂದು "ಟೆಕ್ನಿಕಲ್ ಟೀಮ್ ರಿಪೋರ್ಟ್ ಹಾಗಿದೆ ಸರ್, ನಾವು ಏನೂ ಮಾಡೋಕಾಗಲ್ಲ" ಅಂತ ರಾಗ.

ಆಗ 1915ಕ್ಕೆ ಮಾಡಿದೆ. ಇದು ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಹೇಳಬಹುದು. ಬಿಲ್, ಆ ಫೋಟೋ, ವಿಡಿಯೋ ಎಲ್ಲ ಅಲ್ಲಿಗೂ ಹಾಕಿದೆ, ಕಂಪನಿಗೂ ಮೇಲ್ ಮಾಡಿದೆ. ಅಲ್ಲಿಯವರೆಗೆ ಏನೂ ಮಾಡೋಕಾಗದವರು ತಾವಾಗಿಯೇ ಫೋನ್ ಮಾಡಿದರು. ‘ಒನ್ ಟೈಮ್ ಎಕ್ಸೆಪ್ಷನ್’ ಅಂತ ರಿಪ್ಲೇಸ್ ಮಾಡಿಕೊಡ್ತೀವಿ ಸರ್ ಅಂದರು. ಭಿಕ್ಷೆ ಹಾಕಿದ ಹಾಗೆ.

ಬಂದದ್ದೇನು? ಹೊಸ ಪೀಸ್ ಅಲ್ಲ, ರೀಫರ್ಬಿಷ್ ಮಾಡಿದ್ದು, ಅಂದರೆ ಹಳೆಯದನ್ನೇ ಸರಿಮಾಡಿ ಕೊಟ್ಟಿದ್ದು. ವಾರಂಟಿ ಹಳೆಯದರಲ್ಲಿ ಉಳಿದಷ್ಟೇ. ಒಳಗಿದ್ದ ಸೇವ್ ಫೈಲ್, ಅಂದರೆ ಅಲ್ಲಿಯವರೆಗೆ ಆಡಿಟ್ಟಿದ್ದ ಆಟ ಎಲ್ಲ ಮಾಯ. ಸ್ಟ್ಯಾಂಡ್ ಬಂದೇ ಇಲ್ಲ, ಕೇಳಿದರೆ ನೀವು ಕೊಟ್ಟಿದ್ದಕ್ಕೆ ದಾಖಲೆ ಎಲ್ಲಿದೆ ಸರ್ ಅಂತಾರೆ. ಹಾಗಾಗಿ ಕೇಬಲ್, ಸ್ಟ್ಯಾಂಡ್, ಕಂಟ್ರೋಲರ್ ಮನೆಯಲ್ಲೇ ಬಿಟ್ಟು ಹೋಗಿ. ಸೇವ್ ಫೈಲ್ ಬ್ಯಾಕಪ್ ಮಾಡಿಕೊಳ್ಳಿ. ಕೌಂಟರಿನಲ್ಲಿ ಅವರ ಮುಂದೆಯೇ ಪೋರ್ಟು, ಸ್ಟಿಕರ್ ಎರಡರದ್ದೂ ಫೋಟೋ ಹೊಡೀರಿ. ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ ಬಿಡಿ.

ಹೊಸ ಪೀಸೇ ಬೇಕು ಅಂತ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಣವಾ ಅಂತ ಯೋಚನೆ ಮಾಡ್ತಿದ್ದೀನಿ. ಎಲ್ಲೇ ತಗೊಂಡಿರಲಿ, ನಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಫೀಸ್ ಇಲ್ಲ, ತಕರಾರು ಶುರುವಾದ 2 ವರ್ಷದ ಒಳಗೆ ಹಾಕಿದರೆ ಆಯಿತು. ಸದ್ಯಕ್ಕೆ ಈ ಪೀಸ್ ಓಡುತ್ತಿದೆ. ಇದೂ ಗುಯ್ ಅಂದ ದಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಲ್ಲ, ನೇರ ಅಲ್ಲಿಗೇ.