ನೀತಿ ನಿರ್ಧಾರಕ್ಕೆ ಯಾವುದು: ಜಾಲ ವಿಶ್ಲೇಷಣೆಯೋ, ಏಜೆಂಟ್ ಆಧಾರಿತ ಸಿಮ್ಯುಲೇಶನ್ನೋ?

ಯಾರಿಗೆ ಯಾರ ಸಂಪರ್ಕವಿದೆ ಎಂಬ ಮಾಹಿತಿ ಕೈಯಲ್ಲಿದ್ದರೆ ಜಾಲ ವಿಶ್ಲೇಷಣೆಯಿಂದಲೇ, ಅಂದರೆ ಆ ಸಂಪರ್ಕಗಳ ನಕ್ಷೆಯನ್ನು ಪರಿಶೀಲಿಸುವುದರಿಂದಲೇ, ಆರಂಭಿಸಿ. ಸೀಮಿತ ಲಸಿಕೆ ಮೊದಲು ಯಾರಿಗೆ, ಯಾವ ಸೇತುವೆ ಮುಚ್ಚಿದರೆ ಸಂಚಾರ ಕಡಿದುಹೋಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಅದು ಬೇಗ ಉತ್ತರಿಸುತ್ತದೆ. ಆದರೆ ನಿಯಮ ಬದಲಾದಾಗ ಜನ ಹೇಗೆ ವರ್ತಿಸುತ್ತಾರೆ ಎಂಬುದನ್ನು ಹೇಳದು.

ಅಲ್ಲಿ ಏಜೆಂಟ್ ಆಧಾರಿತ ಸಿಮ್ಯುಲೇಶನ್ ಬೇಕು, ಅಂದರೆ ಪ್ರತಿ ವ್ಯಕ್ತಿಯನ್ನೂ ಕೆಲವು ನಿಯಮಗಳಂತೆ ನಡೆಯುವ ಕಾಲ್ಪನಿಕ ‘ಏಜೆಂಟ್’ ಎಂದಿಟ್ಟು, ಒಟ್ಟಾರೆ ಏನಾಗುತ್ತದೆ ಎಂದು ಮಾದರಿಯಲ್ಲಿ ಓಡಿಸಿ ನೋಡುವುದು. 1971ರಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ತೋರಿಸಿದ್ದು ಇದನ್ನೇ: ನೆರೆಯಲ್ಲಿ ತಮ್ಮಂಥವರು ಒಂದಿಷ್ಟು ಇರಲಿ ಎಂಬ ಸೌಮ್ಯ ಬಯಕೆಯೂ ಇಡೀ ಬಡಾವಣೆಗಳನ್ನು ಬೇರ್ಪಡಿಸಬಲ್ಲದು. ಸರಾಸರಿ ಲೆಕ್ಕದಲ್ಲಿ ಇದು ಕಾಣುವುದಿಲ್ಲ. ಶ್ರಮ ಮಾತ್ರ ಹೆಚ್ಚು: ವರ್ತನೆಯ ನಿಯಮಗಳನ್ನು ಊಹಿಸಿ ಬರೆಯಬೇಕು, ಊಹೆ ಬದಲಿಸುತ್ತ ಹಲವು ಬಾರಿ ಓಡಿಸಬೇಕು. ಒಂದೇ ಓಟದ ಅಂದವಾದ ಅನಿಮೇಶನ್ ತೋರಿಸುವ ಸಲಹೆಗಾರರನ್ನು ನಾನಂತೂ ನಂಬುವುದಿಲ್ಲ. ಸಮಯವಿದ್ದರೆ ಎರಡನ್ನೂ ಕೂಡಿಸಿ, ನೈಜ ಜಾಲದ ಮೇಲೆಯೇ ಏಜೆಂಟ್‌ಗಳನ್ನು ಓಡಿಸಿ; ವಾರದೊಳಗೆ ತೀರ್ಮಾನ ಬೇಕಿದ್ದರೆ ಜಾಲ ವಿಶ್ಲೇಷಣೆಯೇ ಸಾಕು.